ವಯಸ್ಸಾದ ತಂದೆ ಅಥವಾ ತಾಯಿಯೊಂದಿಗೆ ಕುಟುಂಬದ ಶಿಲಾರೋಹಣ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಅರವತ್ತು ದಾಟಿದ ತಂದೆಯನ್ನೋ ತಾಯಿಯನ್ನೋ ಜೊತೆಗೆ ಕರೆದುಕೊಂಡು, ಮಕ್ಕಳು ಮೊಮ್ಮಕ್ಕಳ ಸಮೇತ ಒಂದೆರಡು ದಿನ ಬಂಡೆ ಹತ್ತಲು ಹೊರಡುವ ಕುಟುಂಬಗಳಿಗಾಗಿ ಈ ಪ್ರಶ್ನೋತ್ತರಗಳನ್ನು ಬರೆಯಲಾಗಿದೆ. ಇಲ್ಲಿ ಹೇಳಿರುವುದೆಲ್ಲ ಹಗ್ಗದ ರಕ್ಷಣೆಯಲ್ಲಿ, ಬಲ್ಲವರ ಉಸ್ತುವಾರಿಯಲ್ಲಿ ಹತ್ತುವವರಿಗೆ ಅನ್ವಯಿಸುತ್ತದೆ. ಹಗ್ಗವನ್ನು ಬಂಡೆಗೆ ಭದ್ರಪಡಿಸುವ ಆಂಕರ್ ಕಟ್ಟುವುದು, ಹತ್ತುವವರ ಹಗ್ಗವನ್ನು ಹಿಡಿದು ಕಾಯುವ ಬಿಲೇ ಮಾಡುವುದು ಓದಿ ಕಲಿಯುವ ವಿದ್ಯೆಗಳಲ್ಲ. ಅವನ್ನು ಗುರುವಿನ ಎದುರಿನಲ್ಲಿ ಕೈಯಾರೆ ಮಾಡಿಯೇ ಕಲಿಯಬೇಕು.

ಅರವತ್ತೈದು, ಎಪ್ಪತ್ತರ ವಯಸ್ಸಿನಲ್ಲಿ ಬಂಡೆ ಹತ್ತಲು ಆರಂಭಿಸುವುದು ಸಾಧ್ಯವೇ?

ಸಾಧ್ಯ. ಪ್ರಸಿದ್ಧ ಆರೋಹಿ ಅಲೆಕ್ಸ್ ಹೊನೊಲ್ಡ್ ಅವರ ತಾಯಿ ಡಿಯರ್ಡ್ರಿ ವೊಲೊನಿಕ್ ಅರವತ್ತರ ಆಸುಪಾಸಿನಲ್ಲಿ ಹತ್ತಲು ಕಲಿತವರು. 2017ರಲ್ಲಿ, 66ನೆಯ ವಯಸ್ಸಿನಲ್ಲಿ, ಅವರು ಮಗನ ಜೊತೆಯಲ್ಲೇ ಅಮೆರಿಕದ ಯೊಸೆಮಿಟಿಯಲ್ಲಿರುವ, ಸುಮಾರು 900 ಮೀಟರ್ ಎತ್ತರದ ಎಲ್ ಕ್ಯಾಪಿಟನ್ ಬಂಡೆಯನ್ನು ಏರಿದರು. ಸ್ವಿಟ್ಜರ್ಲೆಂಡಿನ ಮಾರ್ಸೆಲ್ ರೆಮಿ ಅದೇ ವರ್ಷ, 94ರ ವಯಸ್ಸಿನಲ್ಲಿ, ತಮ್ಮ ದೇಶದ ಮಿರ್ವಾರ್ ದಾರ್ಜಾಂತೀನ್ ಎಂಬ ಸುಣ್ಣಕಲ್ಲಿನ ದೊಡ್ಡ ಬಂಡೆಮುಖವನ್ನು ಹತ್ತಿದರು. ಅವರ ಮಕ್ಕಳಾದ ಕ್ಲೋಡ್ ಮತ್ತು ಈವ್ ಇಬ್ಬರೂ ಹೆಸರಾಂತ ಆರೋಹಿಗಳು.

ಈ ಉದಾಹರಣೆಗಳನ್ನು ಮನೆಯ ಹಿರಿಯರ ಮುಂದೆ ಗುರಿಯಾಗಿ ಇಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ರೆಮಿಯವರು ಜೀವನದುದ್ದಕ್ಕೂ ಬೆಟ್ಟಗಳಲ್ಲಿ ಪಳಗಿದವರು. ವೊಲೊನಿಕ್ ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿದ ಮೇಲೆ ಆ ಗೋಡೆಗೆ ಕೈ ಹಾಕಿದವರು. ವಯಸ್ಸು ತಾನಾಗಿ ಅಡ್ಡಿಯಲ್ಲ ಎಂಬಷ್ಟನ್ನು ಮಾತ್ರ ಅವರಿಂದ ತಿಳಿಯಬಹುದು. ಹತ್ತು ಮೀಟರ್ ಎತ್ತರದ, ಕಾಲಿಡಲು ಧಾರಾಳವಾಗಿ ಜಾಗವಿರುವ ಒಂದು ಬಂಡೆಯನ್ನು ತಾಯಿ ತಮ್ಮ ಪಾಡಿಗೆ ತಾವು ಹತ್ತಿ ಸುಖವಾಗಿ ಇಳಿದರೆ ಪ್ರವಾಸದ ಉದ್ದೇಶ ಪೂರ್ತಿಯಾಗಿ ಈಡೇರಿದಂತೆ.

ಹೊರಡುವ ಮೊದಲು ವೈದ್ಯರನ್ನು ಕಾಣಲೇಬೇಕೇ? ಅವರನ್ನು ಏನು ಕೇಳಬೇಕು?

ಕಾಣಬೇಕು. ಆದರೆ "ಇವರು ಬಂಡೆ ಹತ್ತಬಹುದೇ" ಎಂಬ ಒಂದೇ ಪ್ರಶ್ನೆಗೆ ವೈದ್ಯರು ಸ್ಪಷ್ಟ ಉತ್ತರ ಕೊಡುವುದು ಕಷ್ಟ, ಏಕೆಂದರೆ ಆ ಮಾತು ಕೇಳಿದೊಡನೆ ಕಡಿದಾದ ಹಿಮಪರ್ವತದ ಚಿತ್ರ ಯಾರ ಮನಸ್ಸಿಗಾದರೂ ಬರುತ್ತದೆ. ಶರೀರದ ಮೇಲೆ ಯಾವ ಯಾವ ಒತ್ತಡ ಬೀಳುತ್ತದೆ ಎಂಬುದನ್ನು ಬಿಡಿಸಿ ಹೇಳಿದರೆ ಅವರಿಗೂ ಉತ್ತರಿಸಲು ಅನುಕೂಲವಾಗುತ್ತದೆ: ಐದರಿಂದ ಹತ್ತು ನಿಮಿಷದ ಶ್ರಮ, ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ ಬಿಗಿಯಾಗಿ ಹಿಡಿಯುವುದು, ಮಂಡಿಯಷ್ಟು ಎತ್ತರಕ್ಕೆ ಕಾಲಿಟ್ಟು ಏಳುವುದು, ಸೊಂಟಕ್ಕೆ ಕಟ್ಟಿದ ಪಟ್ಟಿಯಲ್ಲಿ ಒಂದೆರಡು ನಿಮಿಷ ತೂಗುವುದು, ಮತ್ತು ಕಲ್ಲುದಾರಿಯಲ್ಲಿ ನಡೆಯುವುದು.

ಕೈಗಳನ್ನು ಬಿಗಿಹಿಡಿದು ಉಸಿರು ಕಟ್ಟಿದಾಗ ರಕ್ತದೊತ್ತಡ ಆ ಕ್ಷಣಕ್ಕೆ ಗಣನೀಯವಾಗಿ ಏರುತ್ತದೆ. ಹತೋಟಿಯಲ್ಲಿರುವ ರಕ್ತದೊತ್ತಡ ಇರುವವರಿಗೆ ಇದು ಸಾಮಾನ್ಯವಾಗಿ ತಾಳಿಕೊಳ್ಳಬಹುದಾದದ್ದೇ. ಹತೋಟಿಯಲ್ಲಿ ಇಲ್ಲದವರಿಗೆ, ಎದೆನೋವಿನ ಇತಿಹಾಸವಿರುವವರಿಗೆ, ಇತ್ತೀಚೆಗೆ ಕಣ್ಣಿನ ಅಥವಾ ಹರ್ನಿಯಾದ ಶಸ್ತ್ರಚಿಕಿತ್ಸೆ ಆದವರಿಗೆ ಇದು ಗಂಭೀರ ವಿಷಯ. ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ನಾಡಿಬಡಿತ ಶ್ರಮಕ್ಕೆ ತಕ್ಕಂತೆ ಏರುವುದಿಲ್ಲವಾದ್ದರಿಂದ ಕೈಗಡಿಯಾರ ತೋರಿಸುವ ಸಂಖ್ಯೆಯನ್ನು ನಂಬಬಾರದು. ಒಂದು ಪೂರ್ತಿ ವಾಕ್ಯವನ್ನು ಏದುಸಿರಿಲ್ಲದೆ ಹೇಳಲು ಆಗುತ್ತಿದೆಯೇ ಎಂಬುದೇ ಅವರಿಗೆ ಸರಿಯಾದ ಅಳತೆ. ಮೂತ್ರ ಹೆಚ್ಚಿಸುವ ಮಾತ್ರೆಗಳು ಬಿಸಿಲಿನಲ್ಲಿ ನೀರಿನ ಕೊರತೆಯನ್ನು ಬೇಗ ತರುತ್ತವೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಆ ದಿನದ ಊಟ ಮತ್ತು ಡೋಸ್ ಎರಡನ್ನೂ ಮೊದಲೇ ವೈದ್ಯರೊಂದಿಗೆ ಹೊಂದಿಸಿಕೊಳ್ಳಬೇಕು, ಏಕೆಂದರೆ ಎತ್ತರದಲ್ಲಿ ಬರುವ ನಡುಕ ಹೆದರಿಕೆಯದೋ ಸಕ್ಕರೆ ಇಳಿದದ್ದೋ ಎಂದು ಕೆಳಗೆ ನಿಂತವರಿಗೆ ತಿಳಿಯುವುದಿಲ್ಲ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಸೇವಿಸುವವರ ವಿಷಯದಲ್ಲಿ ನಾನು ಹೆಚ್ಚು ಎಚ್ಚರ ಬಯಸುತ್ತೇನೆ. ಉಳಿದವರಿಗೆ ಒಂದು ಬುಗುಟಿನಲ್ಲಿ ಮುಗಿಯುವ ತಲೆಯ ಪೆಟ್ಟು ಇವರಲ್ಲಿ ತಲೆಬುರುಡೆಯೊಳಗಿನ ರಕ್ತಸ್ರಾವವಾಗಬಹುದು, ಅದೂ ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು. ಹಾಗೆಂದು ಪ್ರವಾಸಕ್ಕಾಗಿ ಆ ಔಷಧವನ್ನು ತಾವಾಗಿಯೇ ನಿಲ್ಲಿಸುವುದು ಅದಕ್ಕಿಂತ ದೊಡ್ಡ ಅಪಾಯ.

ಮೂಳೆ ಸವೆತ ಇದ್ದರೆ, ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡಿದ್ದರೆ?

ಮೂಳೆಯ ಸಾಂದ್ರತೆ ಕಡಿಮೆ ಇರುವವರು ನೆಲಕ್ಕೆ ಜಿಗಿಯುವ ಯಾವ ಚಟುವಟಿಕೆಯನ್ನೂ ಮಾಡಬಾರದು. ಆದ್ದರಿಂದ ಹಗ್ಗವಿಲ್ಲದೆ ಕುಳ್ಳಗಿನ ಬಂಡೆಗಳನ್ನು ಹತ್ತಿ ಕೆಳಗಿನ ಹಾಸಿಗೆಯ ಮೇಲೆ ಬೀಳುವ ಬೌಲ್ಡರಿಂಗ್ ಅವರಿಗೆ ಸಲ್ಲದು. ನೋಡಲು ಅದೇ ಎಲ್ಲಕ್ಕಿಂತ ಸುಲಭವೆಂದು ಕಾಣುತ್ತದೆ, ಆದರೆ ಅಲ್ಲಿ ಪ್ರತಿ ಬೀಳುವಿಕೆಯೂ ನೆಲಕ್ಕೇ ಬೀಳುವಿಕೆ.

ಕೀಲು ಬದಲಿಸಿಕೊಂಡವರ ವಿಷಯದಲ್ಲಿ ಶಸ್ತ್ರಚಿಕಿತ್ಸಕರ ಮಾತೇ ಕೊನೆಯದು. ಸೊಂಟದ ಹಿಂಭಾಗದಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ತೊಡೆಯನ್ನು ಹೊಟ್ಟೆಯ ಕಡೆಗೆ ಆಳವಾಗಿ ಮಡಚಿ ಕಾಲನ್ನು ಒಳಕ್ಕೆ ತಿರುಗಿಸುವ ಭಂಗಿ ಅಪಾಯಕಾರಿ. ಎತ್ತರದ ಮೆಟ್ಟಿಗೆ ಕಾಲಿಟ್ಟು ಮಂಡಿಯನ್ನು ಒಳಗೆ ಬೀಳಿಸಿ ಏಳುವಾಗ ಆಗುವುದು ಅದೇ ಭಂಗಿ. ಅನುಮತಿ ದೊರೆತರೂ ಸಣ್ಣ ಸಣ್ಣ ಹೆಜ್ಜೆಗಳಿರುವ ಮಾರ್ಗವನ್ನೇ ಆರಿಸಬೇಕು. ಭುಜದ ಸ್ನಾಯುರಜ್ಜುಗಳು ಹರಿದಿರುವುದು ವಯಸ್ಸಾದವರಲ್ಲಿ ಸಾಮಾನ್ಯವಾಗಿದ್ದು, ಎಷ್ಟೋ ಮಂದಿಗೆ ತಮಗದು ಇದೆಯೆಂದೇ ತಿಳಿದಿರುವುದಿಲ್ಲ. ಕೈಯನ್ನು ಪಕ್ಕದಿಂದ ತಲೆಯ ಮೇಲಕ್ಕೆ ಎತ್ತುವಾಗ ನೋವು ಕಂಡರೆ ಮೊದಲು ಅದನ್ನು ಪರೀಕ್ಷಿಸಿಕೊಳ್ಳಬೇಕು.

"ನನಗೇನೂ ಆಗಿಲ್ಲ, ನಾನು ಗಟ್ಟಿಯಾಗಿದ್ದೇನೆ" ಎಂದು ತಂದೆ ಹೇಳುತ್ತಾರೆ. ಅವರ ಸಾಮರ್ಥ್ಯವನ್ನು ತಿಳಿಯುವುದು ಹೇಗೆ?

ಅವರ ಮಾತನ್ನು ತಳ್ಳಿಹಾಕಬೇಡಿ, ಆದರೆ ಮಾತೊಂದನ್ನೇ ನೆಚ್ಚಬೇಡಿ. ಮನೆಯಲ್ಲೇ ನಾಲ್ಕಾರು ಸರಳ ಚಲನೆಗಳನ್ನು ಒಟ್ಟಿಗೆ ಮಾಡಿ ನೋಡಬಹುದು. ಕೈ ಊರದೆ ಕುರ್ಚಿಯಿಂದ ಹತ್ತು ಬಾರಿ ಏಳಲು ಸಾಧ್ಯವೇ, ಆಸರೆಯಿಲ್ಲದೆ ಒಂದೇ ಕಾಲಿನ ಮೇಲೆ ಹತ್ತು ಸೆಕೆಂಡು ನಿಲ್ಲಲು ಸಾಧ್ಯವೇ, ನೆಲದ ಮೇಲೆ ಕುಳಿತವರು ಯಾರ ಸಹಾಯವೂ ಇಲ್ಲದೆ ಏಳಬಲ್ಲರೇ, ಮಂಡಿಯ ಎತ್ತರದ ಕಟ್ಟೆಗೆ ಕಾಲಿಟ್ಟು ನಿಧಾನವಾಗಿ ಏರಿ ಅಷ್ಟೇ ನಿಧಾನವಾಗಿ ಇಳಿಯಬಲ್ಲರೇ ಎಂಬುದನ್ನು ಗಮನಿಸಿ. ಏರುವುದಕ್ಕಿಂತ ಇಳಿಯುವ ರೀತಿ ಹೆಚ್ಚು ಮಾತನಾಡುತ್ತದೆ. ಕೊನೆಯ ಗೇಣಿನಲ್ಲಿ ಕಾಲು ದೊಪ್ಪನೆ ಬಿದ್ದರೆ ತೊಡೆಯ ಸ್ನಾಯುಗಳಿಗೆ ಇನ್ನೂ ಅಭ್ಯಾಸ ಬೇಕು ಎಂದರ್ಥ. ಇದನ್ನು ಪರೀಕ್ಷೆಯಂತೆ ಮಾಡಿಸದೆ ಕುಟುಂಬದವರೆಲ್ಲರೂ ಜೊತೆಯಲ್ಲಿ ಮಾಡಿದರೆ ಹಿರಿಯರ ಮನಸ್ಸಿಗೆ ನೋವಾಗುವುದಿಲ್ಲ, ಮೇಲಾಗಿ ನಡುವಯಸ್ಸಿನ ಮಕ್ಕಳಿಗೂ ತಮ್ಮ ಶರೀರದ ಸ್ಥಿತಿ ತಿಳಿಯುತ್ತದೆ.

ಎಷ್ಟು ಮುಂಚಿತವಾಗಿ ತಯಾರಿ ಆರಂಭಿಸಬೇಕು?

ಕನಿಷ್ಠ ಎರಡು ತಿಂಗಳು ಕೊಡಿ. ಸ್ನಾಯುಗಳು ಕೆಲವೇ ವಾರಗಳಲ್ಲಿ ಬಲಗೊಳ್ಳುತ್ತವೆ, ಸ್ನಾಯುರಜ್ಜುಗಳಿಗೆ ಅದಕ್ಕಿಂತ ಹೆಚ್ಚು ಕಾಲ ಬೇಕು, ವಯಸ್ಸಾದಂತೆ ಆ ಕಾಲ ಇನ್ನೂ ಉದ್ದವಾಗುತ್ತದೆ. ಹೊಸಬರಲ್ಲಿ ಬೆರಳು ಮತ್ತು ಮೊಣಕೈಯ ನೋವು ಕಾಣಿಸಿಕೊಳ್ಳುವುದು ಬಹುತೇಕ ಈ ವ್ಯತ್ಯಾಸದಿಂದಲೇ. ವಾರಕ್ಕೆ ಮೂರು ನಾಲ್ಕು ದಿನ ಮೆಟ್ಟಿಲು ಹತ್ತಿಳಿಯುವುದು, ಏರುತಗ್ಗಿನ ನಡಿಗೆ, ಒಂಟಿಕಾಲಿನ ಸಮತೋಲನದ ಅಭ್ಯಾಸ ಇವು ಮುಖ್ಯ. ಬೆರಳ ತುದಿಯಲ್ಲಿ ನೇತಾಡುವಂಥ ಕಸರತ್ತು ಹಿರಿಯ ಹೊಸಬರಿಗೆ ಬೇಕಿಲ್ಲ.

ಒಳಾಂಗಣದ ಹತ್ತುಗೋಡೆ ಸಿಗುವಂತಿದ್ದರೆ ಪ್ರವಾಸಕ್ಕೆ ಮೊದಲು ಕೆಲವು ಬಾರಿ ಅಲ್ಲಿಗೆ ಹೋಗಿ ಬರಬೇಕು. ಅಲ್ಲಿ ಕಲಿಯಬೇಕಾದದ್ದು ಮೇಲೆ ಹೋಗುವುದನ್ನಲ್ಲ, ಹಗ್ಗದ ಮೇಲೆ ಭಾರ ಬಿಟ್ಟು ಕೂರುವುದನ್ನು. ಆ ನಂಬಿಕೆ ನೆಲದಿಂದ ಎರಡು ಮೀಟರ್ ಎತ್ತರದಲ್ಲೇ ಹುಟ್ಟಬೇಕು. ಹದಿನೈದು ಮೀಟರ್ ಎತ್ತರದಲ್ಲಿ ಮೊದಲ ಸಲ ಹುಟ್ಟಲಿ ಎಂದು ಬಯಸುವುದು ನ್ಯಾಯವಲ್ಲ.

ಯಾವ ಬಗೆಯ ಆರೋಹಣ ಹಿರಿಯರಿಗೆ ಸೂಕ್ತ?

ಟಾಪ್ ರೋಪ್. ಹಗ್ಗವು ಮೇಲಿನ ಆಂಕರ್ ಮೂಲಕ ಹಾದು ಬಂದಿರುವುದರಿಂದ ಕಾಲು ಜಾರಿದರೆ ಹತ್ತುವವರು ಬೀಳುವುದಿಲ್ಲ, ಹಗ್ಗ ಹಿಗ್ಗುವಷ್ಟು ಮಾತ್ರ ಕೆಳಗೆ ಸರಿಯುತ್ತಾರೆ. ಆ ಹಿಗ್ಗುವಿಕೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂಟಿಯಾಗಿ ಬಳಸುವ ಆರೋಹಣದ ಹಗ್ಗವು 80 ಕಿಲೋ ತೂಕಕ್ಕೆ ತನ್ನ ಉದ್ದದ ಶೇಕಡಾ 10ರವರೆಗೆ ಹಿಗ್ಗಲು ಯುರೋಪಿನ ಮಾನದಂಡವೇ ಅವಕಾಶ ಕೊಡುತ್ತದೆ. ಹದಿನೈದು ಮೀಟರ್ ಮಾರ್ಗದ ಬುಡದಲ್ಲಿ ಹತ್ತುವವರಿಗೂ ಬಿಲೇ ಮಾಡುವವರಿಗೂ ನಡುವೆ ಸುಮಾರು ಮೂವತ್ತು ಮೀಟರ್ ಹಗ್ಗ ಇರುವುದರಿಂದ, ಮೊದಲ ಎರಡು ಮೂರು ಮೀಟರಿನೊಳಗೆ ಜಾರಿದವರ ಪಾದ ನೆಲಕ್ಕೆ ತಾಗಿಬಿಡಬಹುದು. ಯುವಕರಿಗೆ ಇದು ಏನೂ ಅಲ್ಲ, ಸವೆದ ಮೂಳೆಯ ಕಣಕಾಲಿಗೆ ಇದೇ ದೊಡ್ಡ ಪೆಟ್ಟು. ಆದ್ದರಿಂದ ಆರಂಭದಲ್ಲಿ ಹಗ್ಗವನ್ನು ಬಿಗಿಯಾಗಿಯೇ ಇಟ್ಟುಕೊಳ್ಳಬೇಕು.

ಹಗ್ಗವನ್ನು ತಾವೇ ಮೇಲಕ್ಕೆ ಒಯ್ಯುತ್ತ ಹತ್ತುವ ಲೀಡ್ ಆರೋಹಣ ಹಿರಿಯ ಹೊಸಬರಿಗೆ ಅಲ್ಲ. ಬಂಡೆಗೆ ಉಕ್ಕಿನ ತಂತಿ ಮತ್ತು ಮೆಟ್ಟಿಲುಗಳನ್ನು ಜಡಿದ ವಿಯಾ ಫೆರಾಟಾ ಮಾರ್ಗಗಳು ಸುಲಭವೆಂದು ಹಲವರು ಹಿರಿಯರನ್ನು ಕರೆದೊಯ್ಯುತ್ತಾರೆ. ಹತ್ತುವುದು ಸುಲಭವಿರಬಹುದು, ಆದರೆ ಅಲ್ಲಿ ಬಿದ್ದವರು ತಂತಿಯ ಕೆಳಗಿನ ಮೊಳೆಯವರೆಗೂ ಜಾರಿ ಕಬ್ಬಿಣದ ಮೆಟ್ಟಿಲುಗಳಿಗೆ ಬಡಿಯುತ್ತಾರೆ. ಬೀಳಲೇಬಾರದ ಜಾಗವದು. ದಣಿದ ಹಿರಿಯರನ್ನು ಮೇಲಿನಿಂದ ಇನ್ನೊಂದು ಹಗ್ಗದಲ್ಲಿ ಕಾಯುವವರಿಲ್ಲದೆ ಅಲ್ಲಿಗೆ ಕರೆದೊಯ್ಯಬಾರದು.

ಬಂಡೆ ಮತ್ತು ಮಾರ್ಗವನ್ನು ಆರಿಸುವಾಗ ಏನು ನೋಡಬೇಕು?

ಮೊದಲು ನೋಡಬೇಕಾದದ್ದು ಬಂಡೆಯ ಬುಡದವರೆಗಿನ ದಾರಿ. ಕುಟುಂಬದ ಪ್ರವಾಸಗಳಲ್ಲಿ ಹಿರಿಯರು ಎಡವುವುದು, ಕಾಲು ಉಳುಕಿಸಿಕೊಳ್ಳುವುದು ಹೆಚ್ಚಾಗಿ ಹಗ್ಗ ಕಟ್ಟಿದ ಮೇಲಲ್ಲ. ಸಡಿಲ ಕಲ್ಲಿನ ಇಳಿಜಾರಿನಲ್ಲಿ, ಸಂಜೆ ಮರಳುವಾಗ, ಎಲ್ಲರೂ ಮಾತನಾಡುತ್ತ ಮುಂದೆ ಹೋಗಿಬಿಟ್ಟಾಗ. ವಾಹನ ನಿಲ್ಲುವ ಜಾಗದಿಂದ ಇಪ್ಪತ್ತು ನಿಮಿಷದೊಳಗೆ ತಲುಪಬಹುದಾದ, ಬುಡದಲ್ಲಿ ಸಮತಟ್ಟಾದ ನೆಲವೂ ನೆರಳೂ ಇರುವ ಬಂಡೆ, ಎಷ್ಟೇ ಸುಂದರವಾದರೂ ಎರಡು ಗಂಟೆ ನಡೆಯಬೇಕಾದ ಬಂಡೆಗಿಂತ ಉತ್ತಮ. ನಡೆಯುವಾಗ ಎರಡು ಊರುಗೋಲುಗಳನ್ನು ಕೊಡಿ, ಇಳಿಯುವಾಗ ಅವು ಮಂಡಿಯ ಭಾರವನ್ನು ಹಂಚಿಕೊಳ್ಳುತ್ತವೆ. ಹಿರಿಯರ ಬೆನ್ನಿಗೆ ಭಾರದ ಚೀಲ ಹಾಕಬೇಡಿ.

ಮಾರ್ಗದ ವಿಷಯಕ್ಕೆ ಬಂದರೆ, ಲಂಬಕ್ಕಿಂತ ಸ್ವಲ್ಪ ಒರಗಿದ, ದೊಡ್ಡ ಮೆಟ್ಟುಗಳಿರುವ ಬಂಡೆ ಒಳ್ಳೆಯದು. ಅಲ್ಲಿ ಏಣಿ ಹತ್ತುವಂತೆ ಕಾಲೇ ಕೆಲಸ ಮಾಡುತ್ತದೆ, ಕೈ ಸಮತೋಲನಕ್ಕೆ ಮಾತ್ರ. ತೋಳಿನ ಬಲ ಕುಗ್ಗಿದವರೂ ಇಂಥಲ್ಲಿ ಚೆನ್ನಾಗಿ ಹತ್ತುತ್ತಾರೆ. ಮಾರ್ಗದ ಕಷ್ಟವನ್ನು ಅಂಕಿಯಲ್ಲಿ ಹೇಳುವ ಅಮೆರಿಕದ ಯೊಸೆಮಿಟಿ ಶ್ರೇಣಿಯಲ್ಲಿ 5.2ರಿಂದ 5.5ರವರೆಗಿನ, ಫ್ರೆಂಚ್ ಶ್ರೇಣಿಯಲ್ಲಿ 3 ಅಥವಾ 4ರ ಮಾರ್ಗಗಳನ್ನು ಹುಡುಕಬಹುದು. ಆದರೆ ಶ್ರೇಣಿಯು ಅತಿ ಕಷ್ಟದ ಒಂದು ಚಲನೆಯ ಮೇಲೆ ನಿಂತಿರುವುದೇ ಹೆಚ್ಚು. ಆ ಚಲನೆ ಎದೆಯೆತ್ತರಕ್ಕೆ ಕಾಲಿಡುವುದಾಗಿದ್ದರೆ ಗಿಡ್ಡಗಿರುವ ತಾಯಿಗೆ ಆ ಅಂಕಿಯಿಂದ ಪ್ರಯೋಜನವಿಲ್ಲ. ಹೀಗಾಗಿ ಕುಟುಂಬದ ಒಬ್ಬರು ಮೊದಲು ಹತ್ತಿ, ಹಿರಿಯರ ಎತ್ತರ ಮತ್ತು ಕಾಲಿನ ಚಾಚುವಿಕೆಯನ್ನು ಮನಸ್ಸಿನಲ್ಲಿಟ್ಟು ನೋಡಿ ಬರಬೇಕು. ಮಾರ್ಗ ನೇರವಾಗಿರಲಿ. ಆಂಕರಿನಿಂದ ಪಕ್ಕಕ್ಕೆ ಸರಿದು ಹತ್ತುವ ಮಾರ್ಗದಲ್ಲಿ ಜಾರಿದವರು ಲೋಲಕದ ಹಾಗೆ ಬೀಸಿ ಹೋಗಿ ಬಂಡೆಗೆ ಬಡಿಯುತ್ತಾರೆ.

ಹಾರ್ನೆಸ್, ಶೂ, ಹೆಲ್ಮೆಟ್ ವಿಷಯದಲ್ಲಿ ಹಿರಿಯರಿಗೆ ಬೇರೆ ನಿಯಮಗಳಿವೆಯೇ?

ನಿಯಮ ಅದೇ, ಶರೀರ ಬೇರೆ. ಹಾರ್ನೆಸ್ ಎಂದರೆ ಹಗ್ಗ ಕಟ್ಟಲು ಸೊಂಟಕ್ಕೂ ತೊಡೆಗಳಿಗೂ ತೊಡುವ ಪಟ್ಟಿಗಳು. ಸಾಮಾನ್ಯ ಹಾರ್ನೆಸ್‌ನ ಸೊಂಟಪಟ್ಟಿ ಸೊಂಟದ ಮೂಳೆಗಳ ಮೇಲೆ, ಅವುಗಳಿಂದ ಕೆಳಗೆ ಜಾರದಂತೆ ಬಿಗಿಯಾಗಿ ಕೂರಬೇಕು. ಹೊಟ್ಟೆ ದೊಡ್ಡದಿರುವವರಲ್ಲಿ, ಸೊಂಟ ತೀರಾ ಸಣಕಲಾಗಿರುವವರಲ್ಲಿ ಅದು ಹಾಗೆ ಕೂರುವುದಿಲ್ಲ, ತಲೆಕೆಳಗಾದರೆ ಜಾರಿಹೋಗುವ ಭಯವಿರುತ್ತದೆ. ಅಂಥವರಿಗೆ ಎದೆಯನ್ನೂ ಸೇರಿಸಿ ಹಿಡಿಯುವ ಪೂರ್ಣದೇಹದ ಹಾರ್ನೆಸ್ ಕೊಡಬೇಕು. ಚಿಕ್ಕ ಮಕ್ಕಳಿಗೂ ಇದೇ ಕಾರಣಕ್ಕೆ ಅದನ್ನು ಕೊಡುತ್ತಾರೆ. ಪೇಸ್‌ಮೇಕರ್ ಇರುವವರು ಎದೆಪಟ್ಟಿ ಎಲ್ಲಿ ಹಾದುಹೋಗುತ್ತದೆ ಎಂಬುದನ್ನು ಹೃದಯವೈದ್ಯರಿಗೆ ತೋರಿಸಿ ಕೇಳಬೇಕು.

ಶೂ ಚಪ್ಪಟೆ ತಳದ್ದಾಗಿರಲಿ, ಬೆರಳು ಮಡಚದಷ್ಟು ಅಳತೆಯದ್ದಾಗಿರಲಿ. ಬಿಗಿಯಾದ ಶೂ ಚೆನ್ನಾಗಿ ಹಿಡಿಯುತ್ತದೆ ಎಂಬ ಮಾತು ಹೆಬ್ಬೆರಳ ಗಂಟು ಉಬ್ಬಿದ ಪಾದಕ್ಕೆ ಅನ್ವಯಿಸುವುದಿಲ್ಲ. ಬಗ್ಗಿ ದಾರ ಕಟ್ಟುವುದು ಕಷ್ಟವಾದರೆ ಅಂಟುಪಟ್ಟಿಯದನ್ನು ಕೊಳ್ಳಿ. ಹೆಲ್ಮೆಟ್ ಬಂಡೆಯ ಬುಡದಲ್ಲಿ ಕುಳಿತಿರುವಾಗಲೂ ತಲೆಯ ಮೇಲಿರಬೇಕು. ಉಂಗುರ, ಬಳೆಗಳನ್ನು ಹತ್ತುವ ಮೊದಲೇ ತೆಗೆದಿಡಬೇಕು. ಬಂಡೆಯ ಅಂಚಿಗೆ ಸಿಕ್ಕಿಕೊಂಡ ಉಂಗುರ ದೇಹದ ಭಾರಕ್ಕೆ ಬೆರಳಿನ ಚರ್ಮವನ್ನೇ ಸುಲಿದುಬಿಡಬಲ್ಲದು. ವರ್ಷಗಟ್ಟಲೆ ಬಿಗಿಯಾಗಿ ಕೂತ ಉಂಗುರವನ್ನು ತೆಗೆಯಲು ಮನೆಯಲ್ಲೇ ಸಮಯ ಕೊಡಿ.

ಕನ್ನಡಕ ಮತ್ತು ಶ್ರವಣ ಸಾಧನ ಬಳಸುವವರು ಏನು ಮಾಡಬೇಕು?

ದೂರಕ್ಕೂ ಹತ್ತಿರಕ್ಕೂ ಒಂದೇ ಕನ್ನಡಕ ಬಳಸುವವರು ಕೆಳಗೆ ನೋಡಿದಾಗ ಓದುವ ಭಾಗದ ಮೂಲಕ ನೋಡುತ್ತಾರೆ, ಅದರಿಂದ ಪಾದವಿಡುವ ಜಾಗ ಮಂಜಾಗಿ ಕಾಣುತ್ತದೆ. ಬಂಡೆಯಲ್ಲೂ ದಾರಿಯಲ್ಲೂ ಇದು ಹೆಜ್ಜೆ ತಪ್ಪಿಸುತ್ತದೆ. ದೂರದ ನೋಟಕ್ಕೆ ಮಾತ್ರ ಹೊಂದಿಸಿದ ಸಾದಾ ಕನ್ನಡಕವನ್ನು ಹಿಂದೆ ಪಟ್ಟಿ ಕಟ್ಟಿ ಹಾಕಿಕೊಂಡರೆ ಒಳ್ಳೆಯದು.

ಗಾಳಿ ಬೀಸುವಾಗ ಶ್ರವಣ ಸಾಧನ ಗದ್ದಲವನ್ನೇ ಹೆಚ್ಚಿಸುತ್ತದೆ, ಹೆಲ್ಮೆಟ್ ಪಟ್ಟಿಗೆ ಸಿಕ್ಕಿ ಬೀಳಲೂಬಹುದು. ಮೇಲಿರುವವರಿಗೆ ಕೆಳಗಿನ ಮಾತು ಕೇಳಿಸದು ಎಂದೇ ಭಾವಿಸಿ, ಕೈಸನ್ನೆಗಳನ್ನು ನೆಲದ ಮೇಲೆ ಅಭ್ಯಾಸ ಮಾಡಿಕೊಳ್ಳಿ. ಹಗ್ಗ ಬಿಗಿಮಾಡು ಎನ್ನಲು ಒಂದು, ಇಳಿಸು ಎನ್ನಲು ಇನ್ನೊಂದು, ಹೀಗೆ ಎರಡು ಮೂರು ಸಾಕು. ಕೂಗಿ ಹೇಳುವುದಾದರೆ "ಟೇಕ್" (ಬಿಗಿಮಾಡು), "ಸ್ಲ್ಯಾಕ್" (ಸಡಿಲಿಸು), "ಲೋವರ್" (ಇಳಿಸು) ಎಂಬ ರೂಢಿಯ ಮಾತುಗಳ ಬದಲು ಮನೆಯ ಮಾತನ್ನೇ ಬಳಸಬಹುದು, ಆದರೆ ಬಿಲೇ ಮಾಡುವವರಿಗೂ ಹತ್ತುವವರಿಗೂ ಒಂದೇ ಮಾತು ಒಂದೇ ಅರ್ಥ ಕೊಡಬೇಕು.

ತಂದೆಗೆ ಬಿಲೇ ಮಾಡುವವರು ಯಾರಿರಬೇಕು? ಮೊಮ್ಮಗಳು ಮಾಡಬಹುದೇ?

ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಅನುಭವವಿರುವವರು ಮಾಡಬೇಕು, ಪ್ರೀತಿ ಹೆಚ್ಚಿರುವವರಲ್ಲ. ಹಗ್ಗ ಹಿಡಿಯುವ ಕೈ ಎಂದೂ ಹಗ್ಗವನ್ನು ಬಿಡಬಾರದು ಎಂಬ ನಿಯಮ ಫೋನಿನಲ್ಲಿ ಚಿತ್ರ ತೆಗೆಯುವ ಆಸೆಗೆ ಸುಲಭವಾಗಿ ಬಲಿಯಾಗುತ್ತದೆ. ತಂದೆಯ ಮೊದಲ ಆರೋಹಣದ ಚಿತ್ರವನ್ನು ಬೇರೊಬ್ಬರು ತೆಗೆಯಲಿ. ತಾನಾಗಿ ಹಗ್ಗವನ್ನು ಕಚ್ಚಿಹಿಡಿಯಲು ನೆರವಾಗುವ ಗ್ರಿಗ್ರಿಯಂಥ ಸಾಧನ ಬಳಸುವುದು ಒಳ್ಳೆಯದು, ಆದರೂ ಕೈ ಹಗ್ಗದ ಮೇಲೆಯೇ ಇರಬೇಕು.

ತೂಕದ ವ್ಯತ್ಯಾಸ ಇನ್ನೊಂದು ವಿಷಯ. ಎಂಬತ್ತು ಕಿಲೋ ತೂಗುವ ಅಜ್ಜ ಹಗ್ಗದ ಮೇಲೆ ಕೂತರೆ ನಲವತ್ತೈದು ಕಿಲೋದ ಮೊಮ್ಮಗಳು ನೆಲದಿಂದ ಮೇಲೆದ್ದು ಬಂಡೆಗೆ ಬಡಿಯಬಹುದು, ಆ ಗಾಬರಿಯಲ್ಲಿ ಕೈ ಬಿಡಬಹುದು. ಬಿಲೇ ಮಾಡುವವರನ್ನು ನೆಲದ ಆಂಕರಿಗೆ ಕಟ್ಟಿ ಇದನ್ನು ತಡೆಯಬಹುದು. ಹಾಗಿದ್ದರೂ ಎಳೆಯರಿಗೆ ಈ ಹೊಣೆ ಬೇಡ. ಬಲ್ಲವರ ಹಿಂದೆ ನಿಂತು ಹಗ್ಗದ ತುದಿ ಹಿಡಿಯುವ ಕೆಲಸ ಕೊಟ್ಟರೆ ಅವರಿಗೂ ಸಂತೋಷ. ಹಿರಿಯರೇ ಬಿಲೇ ಕಲಿಯಲು ಬಯಸಿದರೆ ಕಲಿಸಬೇಕು. ಕತ್ತು ಎತ್ತಿ ಬಹಳ ಹೊತ್ತು ನೋಡಿದರೆ ಕೆಲವರಿಗೆ ತಲೆಸುತ್ತು ಬರುತ್ತದೆ, ಅಂಥವರಿಗೆ ಕತ್ತು ಎತ್ತದೆ ಮೇಲೆ ನೋಡಲು ಬಿಡುವ ಪಟ್ಟಕದ ಕನ್ನಡಕಗಳಿವೆ. ಸಂಧಿವಾತದಿಂದ ಕೈಯ ಹಿಡಿತ ಕಡಿಮೆಯಾಗಿದ್ದರೆ ಮಾತ್ರ ಈ ಕೆಲಸ ಬೇಡವೆಂದು ನೇರವಾಗಿ ಹೇಳಬೇಕು.

ಪ್ರತಿ ಸಲವೂ, ಹತ್ತನೆಯ ಸಲವೂ, ಹತ್ತುವ ಮೊದಲು ಇಬ್ಬರೂ ಪರಸ್ಪರ ಗಂಟು, ಬಕಲ್, ಬಿಲೇ ಸಾಧನ, ಹಗ್ಗ ಹಾಯಿಸುವ ಲೋಹದ ಕೊಂಡಿಯಾದ ಕ್ಯಾರಬಿನರ್‌ನ ಬೀಗ ಇವನ್ನು ಕಣ್ಣಿನಿಂದಲೂ ಕೈಯಿಂದಲೂ ನೋಡಬೇಕು. ಹಗ್ಗವನ್ನು ಹಾರ್ನೆಸ್ಸಿಗೆ ಕಟ್ಟುವ, 8ರ ಆಕಾರದ ಗಂಟಿನ ಎಳೆಗಳು ಒಂದರ ಪಕ್ಕ ಒಂದು ಜೋಡಿಯಾಗಿ ಓಡಿವೆಯೇ ಎಂದು ಎಣಿಸಿ ನೋಡಬೇಕು. ಹಗ್ಗದ ಇನ್ನೊಂದು ತುದಿಯಲ್ಲಿ ಗಂಟು ಇರಲೇಬೇಕು. ಇಳಿಸುವಾಗ ಹಗ್ಗ ಮುಗಿದು ತುದಿ ಸಾಧನದಿಂದ ಜಾರಿಹೋಗುವುದು ಅನುಭವಿಗಳನ್ನೂ ಬಲಿ ತೆಗೆದುಕೊಂಡಿರುವ ತಪ್ಪು.

ಮೇಲೆ ತಲುಪಿದ ತಾಯಿ ಕೆಳಗಿಳಿಯಲು ಹೆದರಿ ಬಂಡೆಯನ್ನು ಬಿಡದೆ ಹಿಡಿದುಕೊಂಡರೆ?

ಇದು ತೀರಾ ಸಾಮಾನ್ಯ. ಹತ್ತುವಾಗ ಕೈಕಾಲಿಗೆ ಕೆಲಸವಿರುತ್ತದೆ, ಮನಸ್ಸು ಅಲ್ಲೇ ಇರುತ್ತದೆ. ಮೇಲೆ ತಲುಪಿದೊಡನೆ ಕೈ ಬಿಟ್ಟು ಹಿಂದಕ್ಕೆ ಒರಗು ಎನ್ನುತ್ತಾರೆ. ಜೀವನವಿಡೀ ಬೀಳದಂತೆ ಹಿಡಿದುಕೊಂಡ ಶರೀರ ಅದನ್ನು ಒಪ್ಪುವುದಿಲ್ಲ. ಕೆಳಗಿನಿಂದ ನಾಲ್ಕು ಮಂದಿ ಏಕಕಾಲಕ್ಕೆ ಕೂಗುವುದು ಎಲ್ಲಕ್ಕಿಂತ ಕೆಟ್ಟದ್ದು. ಒಬ್ಬರೇ ಮಾತನಾಡಬೇಕು, ಮೆಲ್ಲಗೆ, ಒಂದು ಸಲಕ್ಕೆ ಒಂದೇ ಕೆಲಸವನ್ನು ಹೇಳಬೇಕು: "ಅಮ್ಮಾ, ಹಗ್ಗ ಬಿಗಿಯಾಗಿದೆ. ಹಾರ್ನೆಸ್ ಎಳೆಯುವುದು ತಿಳಿಯುತ್ತಿದೆಯಾ? ಈಗ ಕುರ್ಚಿಯಲ್ಲಿ ಕೂರುವ ಹಾಗೆ ಕೂತುಕೋ. ಕೈ ಬಂಡೆಯ ಮೇಲೇ ಇರಲಿ." ಭಾರ ಹಗ್ಗಕ್ಕೆ ಬಿದ್ದ ಮೇಲೆ ಕೈ ತಾನಾಗಿ ಸಡಿಲವಾಗುತ್ತದೆ. ಪಾದಗಳನ್ನು ಭುಜದಷ್ಟು ಅಗಲಿಸಿ ಬಂಡೆಗೆ ಚಪ್ಪಟೆಯಾಗಿ ಒತ್ತಿ, ಮೊಣಕಾಲು ತುಸು ಮಡಚಿ, ಹಿಂದಕ್ಕೆ ನಡೆಯುವಂತೆ ಇಳಿಯಬೇಕು. ಬಿಲೇ ಮಾಡುವವರು ನಿಲ್ಲಿಸಿ ನಿಲ್ಲಿಸಿ ಇಳಿಸದೆ ಒಂದೇ ನಿಧಾನಗತಿಯಲ್ಲಿ ಇಳಿಸಬೇಕು. ಪ್ರತಿ ಕುಲುಕಾಟವೂ ಹೊಸ ಭಯ. ಕೊನೆಯ ಎರಡು ಮೀಟರಿನಲ್ಲಿ ಇನ್ನೂ ನಿಧಾನಿಸಿ, ಒಬ್ಬರು ಬೆನ್ನಿಗೆ ಕೈಕೊಟ್ಟು ನಿಲ್ಲಿಸಿಕೊಳ್ಳಲಿ. ನೆಲಕ್ಕೆ ಬಂದ ತಕ್ಷಣ ಕಾಲು ನಡುಗಬಹುದು, ರಕ್ತದೊತ್ತಡ ಇಳಿದು ಕಣ್ಣು ಕತ್ತಲಾಗಬಹುದು. ಕೂರಿಸಿ, ಆಮೇಲೆ ಗಂಟು ಬಿಚ್ಚಿ.

ಆಗಲೂ ಇಳಿಯದಿದ್ದರೆ ಅನುಭವವಿರುವ ಇನ್ನೊಬ್ಬರು ಬೇರೆ ಹಗ್ಗದಲ್ಲಿ ಪಕ್ಕಕ್ಕೆ ಹತ್ತಿ ಜೊತೆಯಲ್ಲೇ ಇಳಿಯಬೇಕು. ಆದ್ದರಿಂದ ಹಿರಿಯರು ಹತ್ತುವ ಮಾರ್ಗದ ಪಕ್ಕದಲ್ಲಿ ಎರಡನೆಯ ಹಗ್ಗವೊಂದನ್ನು ಮೊದಲೇ ಹಾಕಿಟ್ಟುಕೊಳ್ಳುವುದು ಜಾಣತನ. ಯಾರನ್ನೂ ಹಾರ್ನೆಸ್‌ನಲ್ಲಿ ಅಲುಗಾಡದೆ ಬಹಳ ಹೊತ್ತು ತೂಗಲು ಬಿಡಬಾರದು. ಕಾಲುಗಳಲ್ಲಿ ರಕ್ತ ನಿಂತು ಪ್ರಜ್ಞೆ ತಪ್ಪುವ ಸಂಭವವಿದೆ. ಕಾಯಬೇಕಾಗಿ ಬಂದರೆ ಕಾಲಾಡಿಸುತ್ತಿರಲು, ಬಂಡೆಯನ್ನು ಒತ್ತುತ್ತಿರಲು ಹೇಳಿ.

ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕು?

ಬೆಳಗಿನ ತಂಪಿನಲ್ಲಿ ಹಿರಿಯರ ಸರದಿ ಮೊದಲು ಬರಲಿ. ಉಳಿದವರೆಲ್ಲ ಹತ್ತಿ ಮುಗಿಸಿ ಮಧ್ಯಾಹ್ನ ಅವರನ್ನು ಕರೆದರೆ, ಅಷ್ಟರಲ್ಲಿ ಬಿಸಿಲಿನಲ್ಲಿ ಕಾದು ದಣಿದಿರುತ್ತಾರೆ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುವುದರಿಂದ ಕೇಳುವವರೆಗೂ ಕಾಯದೆ ನೀರು ಕೊಡಿ, ಹೃದಯ ಅಥವಾ ಮೂತ್ರಪಿಂಡದ ಕಾರಣಕ್ಕೆ ವೈದ್ಯರು ನೀರಿನ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಿ. ಹತ್ತು ಹದಿನೈದು ನಿಮಿಷ ಮೈ ಬೆಚ್ಚಗಾಗುವಂತೆ ನಡೆದು, ಭುಜ ಸೊಂಟಗಳನ್ನು ಸಡಿಲಿಸಿದ ಮೇಲೆಯೇ ಹಗ್ಗ ಕಟ್ಟಬೇಕು. ಒಂದು ದಿನಕ್ಕೆ ಎರಡು ಮೂರು ಆರೋಹಣ, ನಡುವೆ ಧಾರಾಳ ವಿರಾಮ. ಶೌಚದ ವ್ಯವಸ್ಥೆಯನ್ನು ಮೊದಲೇ ತಿಳಿದುಕೊಳ್ಳಿ. ಅದಕ್ಕಾಗಿ ನೀರು ಕುಡಿಯದೆ ಇರುವ ಹಿರಿಯರು ಬಹಳ ಮಂದಿ.

ಮಳೆಯಾದ ಮರುದಿನ ಮರಳುಗಲ್ಲಿನ ಬಂಡೆಯನ್ನು ಹತ್ತಬಾರದು, ನೆನೆದ ಮರಳುಗಲ್ಲು ಬಲ ಕಳೆದುಕೊಂಡು ಹಿಡಿತಗಳು ಮುರಿಯುತ್ತವೆ.

ವೃತ್ತಿಪರ ಮಾರ್ಗದರ್ಶಿ ಬೇಕೇ?

ಕುಟುಂಬದಲ್ಲಿ ಆಂಕರ್ ಕಟ್ಟುವುದನ್ನೂ ಹಗ್ಗದ ರಕ್ಷಣಾ ಕಾರ್ಯವನ್ನೂ ಚೆನ್ನಾಗಿ ಬಲ್ಲವರು ಇಲ್ಲದಿದ್ದರೆ ಬೇಕೇ ಬೇಕು. ಬಲ್ಲವರಿದ್ದರೂ ಬೇಕು ಎಂಬುದು ನನ್ನ ಸಲಹೆ. ಮಗನು ತಂದೆಗೆ ಗುರುವಾಗಿ, ಮಕ್ಕಳಿಗೆ ಅಪ್ಪನಾಗಿ, ಆಂಕರಿನ ಹೊಣೆಗಾರನಾಗಿ ಒಂದೇ ದಿನ ನಿಲ್ಲುವುದು ಕಷ್ಟ. ಮಕ್ಕಳ ಮಾತಿಗೆ ತಲೆಯಾಡಿಸದ ತಂದೆ ಹೊರಗಿನವರು ಹೇಳಿದರೆ ಕೇಳುತ್ತಾರೆ. 1965ರಲ್ಲಿ ಸ್ಥಾಪನೆಯಾದ ಪರ್ವತ ಮಾರ್ಗದರ್ಶಿಗಳ ಅಂತರರಾಷ್ಟ್ರೀಯ ಒಕ್ಕೂಟ ಐಎಫ್‌ಎಂಜಿಎ ಮಾನ್ಯತೆ ಇದ್ದರೆ ಒಳ್ಳೆಯದು, ಇಲ್ಲವೇ ಆಯಾ ದೇಶದ ಅಧಿಕೃತ ಶಿಲಾರೋಹಣ ಬೋಧಕರ ಪ್ರಮಾಣಪತ್ರವಿರಲಿ. ಹಿರಿಯರಿಗೆ ಕಲಿಸಿದ ಅನುಭವವಿದೆಯೇ ಎಂದು ಕೇಳಿ, ಅವರ ಆರೋಗ್ಯದ ವಿವರಗಳನ್ನು ಮುಚ್ಚಿಡದೆ ತಿಳಿಸಿ. ವಿಮೆಯ ಕರಾರನ್ನೂ ಓದಿ: ಶಿಲಾರೋಹಣವನ್ನು ಹೊರಗಿಡುವ, ವಯಸ್ಸಿನ ಮಿತಿ ಹಾಕುವ ಪಾಲಿಸಿಗಳು ಇವೆ.

ಅಪಘಾತವಾದರೆ ಮೊದಲು ಏನು ಮಾಡಬೇಕು?

ಗಾಯಗೊಂಡವರ ಹತ್ತಿರ ಓಡುವ ಮೊದಲು ಮೇಲಿನಿಂದ ಕಲ್ಲು ಬೀಳುತ್ತಿಲ್ಲವೆಂದು ನೋಡಿ. ರಕ್ತ ಸುರಿಯುತ್ತಿದ್ದರೆ ಬಟ್ಟೆಯಿಂದ ಒತ್ತಿಹಿಡಿಯಿರಿ, ರಕ್ತ ತೆಳುಗೊಳಿಸುವ ಔಷಧದವರಲ್ಲಿ ಹೆಚ್ಚು ಹೊತ್ತು ಒತ್ತಬೇಕಾಗುತ್ತದೆ. ಬೆನ್ನು ಅಥವಾ ಕತ್ತಿನ ನೋವಿದ್ದರೆ ಎತ್ತಿ ಕೂರಿಸಬೇಡಿ. ಔಷಧಗಳ ಹೆಸರು, ಡೋಸ್, ಅಲರ್ಜಿ, ವೈದ್ಯರ ಸಂಖ್ಯೆ ಬರೆದ ಚೀಟಿ ಹಿರಿಯರ ಜೇಬಿನಲ್ಲೇ ಇರಲಿ. ಅದು ಚೀಲದಲ್ಲಿದ್ದು ಚೀಲ ವಾಹನದಲ್ಲಿದ್ದರೆ ಉಪಯೋಗವಿಲ್ಲ. ಆ ಪ್ರದೇಶದ ತುರ್ತು ಸಂಖ್ಯೆ ಯಾವುದು, ಬಂಡೆಯ ಬುಡದಲ್ಲಿ ಫೋನಿನ ಸಿಗ್ನಲ್ ಸಿಗುತ್ತದೆಯೇ, ಇಲ್ಲದಿದ್ದರೆ ಎಲ್ಲಿ ಸಿಗುತ್ತದೆ ಎಂಬುದನ್ನು ಬಂದ ಕೂಡಲೇ ನೋಡಿಕೊಳ್ಳಿ. ಫೋನು ಕೆಲಸ ಮಾಡದಿದ್ದರೆ ಪರ್ವತಗಳಲ್ಲಿ ರೂಢಿಯಲ್ಲಿರುವ ಆಪತ್ತಿನ ಸಂಕೇತವಿದೆ: ಒಂದು ನಿಮಿಷಕ್ಕೆ ಆರು ಬಾರಿ ಶಿಳ್ಳೆ ಅಥವಾ ಬೆಳಕು, ಒಂದು ನಿಮಿಷ ಬಿಡುವು, ಮತ್ತೆ ಆರು. ನಿಮಿಷಕ್ಕೆ ಮೂರು ಬಾರಿ ಬಂದರೆ ಅದು ಉತ್ತರ.

ಅರ್ಧ ಹತ್ತಿ "ಸಾಕು" ಎಂದರೆ ಪ್ರೋತ್ಸಾಹಿಸಬೇಕೇ, ಇಳಿಸಬೇಕೇ?

ಇಳಿಸಬೇಕು. ಒಮ್ಮೆ ಮಾತ್ರ, "ಸ್ವಲ್ಪ ಹೊತ್ತು ಹಗ್ಗದ ಮೇಲೆ ಕೂತು ನೋಡುತ್ತೀರಾ" ಎಂದು ಕೇಳಬಹುದು. ಎರಡನೆಯ ಸಲ ಸಾಕು ಎಂದರೆ ಅದು ಆಜ್ಞೆ. ಎಷ್ಟೋ ಹಿರಿಯರು ಮಕ್ಕಳಿಗೆ ಬೇಸರವಾದೀತೆಂದು, ಮೊಮ್ಮಕ್ಕಳ ಎದುರಿಗೆ ಸೋತಂತಾದೀತೆಂದು ಎದೆನೋವನ್ನೂ ತಲೆಸುತ್ತನ್ನೂ ಹೇಳದೆ ಮುಂದುವರಿಯುತ್ತಾರೆ. ಸಾಕು ಎಂಬ ಮಾತಿಗೆ ಬೆಲೆ ಸಿಗುತ್ತದೆಂದು ಗೊತ್ತಿದ್ದಾಗ ಮಾತ್ರ ಅವರು ಅದನ್ನು ಸಕಾಲದಲ್ಲಿ ಹೇಳುತ್ತಾರೆ. ಇದೇ ಕಾರಣಕ್ಕೆ ಅವರ ವಿಷಯದಲ್ಲಿ ಪಂದ್ಯ, ಸಮಯದ ಲೆಕ್ಕ, ಅಚ್ಚರಿಯ ಉಡುಗೊರೆಯಾಗಿ ಹೇಳದೆ ಕರೆದೊಯ್ಯುವುದು ಇವೆಲ್ಲ ಬೇಡ. ಹತ್ತಲು ಇಷ್ಟವೇ ಇಲ್ಲದ ತಾಯಿ ಬುಡದಲ್ಲಿ ಕೂತು ಎಲ್ಲರನ್ನೂ ನೋಡಲು ಬಯಸಿದರೆ ಕಲ್ಲು ಬೀಳುವ ಜಾಗದಿಂದ ದೂರದಲ್ಲಿ, ಒರಗಲು ಆಸರೆಯಿರುವೆಡೆ ಅವರಿಗೆ ಜಾಗ ಮಾಡಿಕೊಡಿ. ಮತ್ತೆ ಮತ್ತೆ ಕರೆಯಬೇಡಿ.

ಮರುದಿನ ಮೈಕೈ ನೋಯುತ್ತದೆ. ಯಾವುದು ಸಹಜ, ಯಾವುದು ಅಲ್ಲ?

ಮುಂಗೈ, ಭುಜ, ತೊಡೆಗಳ ಸ್ನಾಯುಗಳಲ್ಲಿ ಎರಡೂ ಕಡೆ ಸಮನಾಗಿ ಕಾಣುವ ನೋವು ಒಂದರಿಂದ ಮೂರು ದಿನದೊಳಗೆ ಹೆಚ್ಚಾಗಿ ಆಮೇಲೆ ಇಳಿಯುತ್ತದೆ, ಅದು ಸಹಜ. ಎರಡನೆಯ ದಿನ ಹತ್ತುವ ಬದಲು ನಡಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಒಂದೇ ಬೆರಳಿನ ಬುಡದಲ್ಲಿ ಚುಚ್ಚುವ ನೋವು, ಕೈ ಎತ್ತಲಾಗದ ಭುಜ, ಊದಿಕೊಂಡ ಮಂಡಿ, ಬೆನ್ನುಮೂಳೆಯ ಒಂದು ಬಿಂದುವಿನಲ್ಲಿ ಹೊಸದಾಗಿ ಕಂಡ ನೋವು ಇವು ವೈದ್ಯರಿಗೆ ತೋರಿಸಬೇಕಾದವು. ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ, ಎದೆಯಲ್ಲಿ ಬಿಗಿತ ಬಂದರೆ, ಅಥವಾ ತಲೆಗೆ ಸಣ್ಣ ಪೆಟ್ಟಾದರೂ ಬಿದ್ದಿದ್ದು ಆನಂತರ ತಲೆನೋವು, ವಾಂತಿ, ಗೊಂದಲ, ಅತಿಯಾದ ನಿದ್ದೆ ಕಂಡರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ರಕ್ತ ತೆಳುಗೊಳಿಸುವ ಔಷಧ ಸೇವಿಸುವವರು ತಲೆಗೆ ಪೆಟ್ಟಾದರೆ ಯಾವ ಲಕ್ಷಣವೂ ಇಲ್ಲದಿದ್ದರೂ ಅಂದೇ ತೋರಿಸಿಕೊಳ್ಳಬೇಕು.